ತಾರಸಿಯ ಮೇಲೆ ಹವಾಮಾನ ಉಪಗ್ರಹದ ಚಿತ್ರ ಹಿಡಿಯುವುದು: ಆಂಟೆನಾದಿಂದ ಚಿತ್ರದವರೆಗೆ ಸಮಗ್ರ ಮಾರ್ಗದರ್ಶಿ

ಶುರು ಮಾಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಈ ಹವ್ಯಾಸದ ಬಗ್ಗೆ ಹುಡುಕಿದರೆ ಸಿಗುವ ಬಹುಪಾಲು ಪಾಠಗಳು ಅಮೆರಿಕದ ನೋವಾ-15, ನೋವಾ-18, ನೋವಾ-19 ಉಪಗ್ರಹಗಳ ಬಗ್ಗೆ ಹೇಳುತ್ತವೆ. ಆ ಮೂರೂ ಈಗ ಬಂದ್ ಆಗಿವೆ. 2025ರ ಜೂನ್ 6ರಂದು ನೋವಾ-18, ಆಗಸ್ಟ್ 13ರಂದು ನೋವಾ-19, ಆಗಸ್ಟ್ 19ರಂದು ನೋವಾ-15. ಕೊನೆಯದು 1998ರಲ್ಲಿ ಮೇಲೆ ಹೋದದ್ದು, 27 ವರ್ಷ ದುಡಿಯಿತು. ಇದು ಗೊತ್ತಿಲ್ಲದೆ ಹಳೆಯ ವಿಡಿಯೊ ನೋಡಿ 137.62 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ ಕೂತರೆ ಬರೀ ಸುಯ್ ಸದ್ದು ಕೇಳುತ್ತದೆ. ಪಾಪ, ಆಂಟೆನಾ ಕೆಟ್ಟಿದೆ ಅಂತ ಬಿಚ್ಚಿ ಕಟ್ಟುತ್ತಾ ಕೂರುವವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಅದೇ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ರಷ್ಯಾದ ಎರಡು ಉಪಗ್ರಹಗಳಿವೆ. ಮೆಟಿಯೋರ್-ಎಂ ಎನ್2-3, 2023ರ ಜೂನ್‌ನಲ್ಲಿ ಹಾರಿದ್ದು. ಮೆಟಿಯೋರ್-ಎಂ ಎನ್2-4, 2024ರ ಫೆಬ್ರುವರಿಯಲ್ಲಿ ಹಾರಿದ್ದು. ಇವು ಸುಮಾರು 820 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ, ಕೆಳಗೆ ಕಂಡದ್ದನ್ನು ಆಗಲೇ ಕೆಳಕ್ಕೆ ಕಳಿಸುತ್ತವೆ. ಗುಟ್ಟಿನ ಸಂಕೇತವಿಲ್ಲ, ಪಾಸ್‌ವರ್ಡ್ ಇಲ್ಲ. ಈ ಪ್ರಸಾರದ ವಿಧಾನಕ್ಕೆ ಎಲ್‌ಆರ್‌ಪಿಟಿ ಎನ್ನುತ್ತಾರೆ. ನೋವಾದ ಹಳೆಯ ಎಪಿಟಿ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 4 ಕಿ.ಮೀ. ಇಲ್ಲಿ ಒಂದು ಚುಕ್ಕೆ 1 ಕಿ.ಮೀ. ತುಂಗಭದ್ರಾ ಜಲಾಶಯ, ಲಿಂಗನಮಕ್ಕಿ ಹಿನ್ನೀರು ಗುರುತು ಹಿಡಿಯಬಹುದಾದಷ್ಟು ಸ್ಪಷ್ಟ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಎಪಿಟಿ ಅನಲಾಗ್. ಸಿಗ್ನಲ್ ಕುಂದಿದರೆ ಚಿತ್ರದಲ್ಲಿ ಗೀಚು ಬರುತ್ತಿತ್ತು, ಆದರೂ ಚಿತ್ರ ಕಾಣುತ್ತಿತ್ತು. ಎಲ್‌ಆರ್‌ಪಿಟಿ ಡಿಜಿಟಲ್. ಸಾಕಷ್ಟು ಸಿಗ್ನಲ್ ಇದ್ದರೆ ಪೂರ್ತಿ ಚೊಕ್ಕ ಚಿತ್ರ, ಸ್ವಲ್ಪ ಕಡಿಮೆಯಾದರೂ ಕಪ್ಪು ಪಟ್ಟಿ. ಮಧ್ಯದ ಸ್ಥಿತಿ ಇಲ್ಲವೇ ಇಲ್ಲ ಎನ್ನಬಹುದು. ಅದಕ್ಕೇ ಈ ಬರಹದಲ್ಲಿ ಆಂಟೆನಾ ಮತ್ತು ಅದನ್ನು ಇಡುವ ಜಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ದುಬಾರಿ ರಿಸೀವರ್ ಕೊಂಡು ಕಿಟಕಿಯಲ್ಲಿ ಆಂಟೆನಾ ಇಟ್ಟವರಿಗಿಂತ, ಅಗ್ಗದ ಡಾಂಗಲ್ ಇಟ್ಟುಕೊಂಡು ತಾರಸಿ ಹತ್ತಿದವರಿಗೆ ಒಳ್ಳೆಯ ಚಿತ್ರ ಬರುತ್ತದೆ.

ಬೇಕಾದ ಸಾಮಾನು

ಮುಖ್ಯವಾದದ್ದು ಆರ್‌ಟಿಎಲ್‌-ಎಸ್‌ಡಿಆರ್ ಡಾಂಗಲ್. ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ರೇಡಿಯೊ ರಿಸೀವರ್ ಇದು, ಪೆನ್‌ಡ್ರೈವ್‌ಗಿಂತ ಸ್ವಲ್ಪ ದೊಡ್ಡದು. ಮೂಲದಲ್ಲಿ ಇದು ಯುರೋಪಿನ ಡಿಜಿಟಲ್ ಟಿವಿ ನೋಡಲು ಮಾಡಿದ ವಸ್ತು. ಇದರೊಳಗಿನ ಆರ್‌ಟಿಎಲ್2832ಯು ಚಿಪ್ ಕಚ್ಚಾ ರೇಡಿಯೊ ಸಿಗ್ನಲ್ಲನ್ನು ಹಾಗೇ ಕಂಪ್ಯೂಟರಿಗೆ ಕೊಡುತ್ತದೆ ಎಂದು ಗೊತ್ತಾದ ಮೇಲೆ ಹವ್ಯಾಸಿಗಳು ಬಿಡಲಿಲ್ಲ. ಸುಮಾರು 24ರಿಂದ 1766 ಮೆಗಾಹರ್ಟ್ಸ್ ತನಕ ಕೇಳುತ್ತದೆ. ಆರ್‌ಟಿಎಲ್‌-ಎಸ್‌ಡಿಆರ್ ಬ್ಲಾಗ್‌ನ ವಿ3 ಅಥವಾ ವಿ4 ಆದರೆ ಒಳ್ಳೆಯದು. ಲೋಹದ ಡಬ್ಬಿ ಇರುತ್ತದೆ, ಫ್ರೀಕ್ವೆನ್ಸಿ ಅತ್ತಿತ್ತ ಜಾರುವುದಿಲ್ಲ. ಅದೇ ಹೆಸರು ಅಂಟಿಸಿದ ನಕಲಿಗಳು ಆನ್‌ಲೈನ್‌ನಲ್ಲಿ ಬಹಳ ಇವೆ. ಮಾರುವವರು ಯಾರು ಎಂದು ನೋಡಿಕೊಂಡು ಕೊಳ್ಳಿ.

ಉಳಿದದ್ದು ಹಾರ್ಡ್‌ವೇರ್ ಅಂಗಡಿಯ ಸಾಮಾನು. 3ರಿಂದ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸರಳು ಎರಡು ತುಂಡು. ಅಟ್ಟದ ಮೇಲೆ ಹಳೆಯ ದೂರದರ್ಶನದ ಆಂಟೆನಾ ಬಿದ್ದಿದ್ದರೆ ಅದರ ಕಡ್ಡಿಗಳೇ ಸಾಕು. ಎಲೆಕ್ಟ್ರಿಷಿಯನ್‌ಗಳು ವೈರು ಸೇರಿಸಲು ಬಳಸುವ ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ. ಒಂದು ಪಿವಿಸಿ ಪೈಪು, ಒಂದು ಮರದ ಅಥವಾ ಪ್ಲಾಸ್ಟಿಕ್ ಹಲಗೆ, ಕೇಬಲ್ ಟೈ, ಎಂ-ಸೀಲ್.

ಕೇಬಲ್‌ಗೆ ಡಿಟಿಎಚ್‌ನವರು ಎಳೆಯುವ ಆರ್‌ಜಿ-6 ಧಾರಾಳವಾಗಿ ಸಾಕು. ಅದು 75 ಓಮ್, ಡಾಂಗಲ್ 50 ಓಮ್, ಹೊಂದುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಆ ಹೊಂದಾಣಿಕೆಯ ನಷ್ಟ ಲೆಕ್ಕಕ್ಕೆ ಬಾರದಷ್ಟು ಕಡಿಮೆ. 10 ಮೀಟರ್ ಆರ್‌ಜಿ-6ರಲ್ಲಿ ಈ ಫ್ರೀಕ್ವೆನ್ಸಿಗೆ ಆಗುವ ನಷ್ಟ ಒಂದು ಡೆಸಿಬೆಲ್‌ಗಿಂತ ಕಡಿಮೆ. ಕೇಬಲ್ ತುದಿಗೆ ಎಫ್ ಕನೆಕ್ಟರ್, ಅದರಿಂದ ಡಾಂಗಲ್‌ನ ಎಸ್‌ಎಂಎ ಸಾಕೆಟ್‌ಗೆ ಒಂದು ಅಡಾಪ್ಟರ್. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇಷ್ಟೂ ಸಿಗುತ್ತದೆ.

ಸಿಗ್ನಲ್ ಹಿಗ್ಗಿಸುವ ಎಲ್‌ಎನ್‌ಎ, ಎಫ್‌ಎಂ ತಡೆಯುವ ಫಿಲ್ಟರ್ ಎಲ್ಲ ಆಮೇಲೆ ನೋಡೋಣ. ಮೊದಲ ದಿನವೇ ಕೊಳ್ಳಬೇಡಿ.

ವಿ-ಡೈಪೋಲ್ ಕಟ್ಟುವುದು

ವಿ-ಡೈಪೋಲ್ ಎಂದರೆ ಎರಡು ಸರಳುಗಳನ್ನು ವಿ ಆಕಾರದಲ್ಲಿ ಇಟ್ಟು ಮಾಡುವ ಆಂಟೆನಾ. ಸರಳುಗಳನ್ನು ತಲಾ 53.4 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಇದು 137 ಮೆಗಾಹರ್ಟ್ಸ್ ತರಂಗದ ಸುಮಾರು ಕಾಲು ಭಾಗ. ಕನೆಕ್ಟರ್ ಪಟ್ಟಿಯಲ್ಲಿ ಅಕ್ಕಪಕ್ಕದ ಎರಡು ತೂತುಗಳಿಗೆ ಎರಡೂ ಸರಳು ತೂರಿಸಿ ಸ್ಕ್ರೂ ಬಿಗಿ ಮಾಡಿ. ಎರಡರ ನಡುವೆ 120 ಡಿಗ್ರಿ ಕೋನ ಇರಬೇಕು. ಕೋನಮಾಪಕ ಹುಡುಕುವ ಕಷ್ಟ ಬೇಡ. ಎರಡು ತುದಿಗಳ ನಡುವಿನ ದೂರ ಸುಮಾರು 93 ಸೆಂ.ಮೀ. ಬಂದರೆ ಕೋನ ಸರಿ ಇದೆ ಎಂದರ್ಥ. ಹೀಗೇ ಹಲಗೆಗೆ ಕೇಬಲ್ ಟೈನಿಂದ ಕಟ್ಟಿ.

ಕನೆಕ್ಟರಿನ ಇನ್ನೊಂದು ಬದಿಗೆ ಕೇಬಲ್. ನಡುವಿನ ತಂತಿ ಒಂದು ಸರಳಿಗೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಯಾವುದು ಯಾವುದಕ್ಕೆ ಎಂಬುದು ಮುಖ್ಯವಲ್ಲ. ಅಗ್ಗದ ಆರ್‌ಜಿ-6ರ ಜಾಲರಿ ಅಲ್ಯೂಮಿನಿಯಂ ಆಗಿರುತ್ತದೆ. ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಎಷ್ಟು ಕಾಯಿಸಿದರೂ ಅಷ್ಟೇ. ಸ್ಕ್ರೂ ಕನೆಕ್ಟರ್ ಹೇಳಿದ್ದು ಅದಕ್ಕೇ. ಜಾಲರಿಯನ್ನು ಹುರಿ ಮಾಡಿ, ಎರಡು ಮಡಿಕೆ ಮಡಚಿ ತೂರಿಸಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಮಲ್ಟಿಮೀಟರ್ ಇದ್ದರೆ ಎರಡು ಸರಳುಗಳ ನಡುವೆ ಹಿಡಿದು ನೋಡಿ. ಬೀಪ್ ಬರಬಾರದು. ಎಲ್ಲ ಸರಿ ಇದ್ದರೆ ಮೇಲೆ ಎಂ-ಸೀಲ್ ಮೆತ್ತಿ. ನೀರು ಕೇಬಲ್ ಒಳಗೆ ಇಳಿಯಬಾರದು.

ಈಗ ಕೂರಿಸುವುದು. ಆಂಟೆನಾ ನೆಲಕ್ಕೆ ಸಮಾಂತರವಾಗಿ ಮಲಗಿರಬೇಕು. ವಿ ಅಕ್ಷರದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ತೆರೆದಿರಲಿ, ಏಕೆಂದರೆ ಉಪಗ್ರಹ ಸಾಗುವುದು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ. ಮೆಟಿಯೋರ್‌ನ ಅಲೆ ಬಲಕ್ಕೆ ಸುತ್ತುತ್ತಾ ಬರುತ್ತದೆ. ನಮ್ಮ ವಿ-ಡೈಪೋಲ್ ಅದರ ಅರ್ಧ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಆದರೂ ಇದನ್ನೇ ಹೇಳುತ್ತಿರುವುದಕ್ಕೆ ಕಾರಣವಿದೆ. ನೆಲದ ಮೇಲಿನ ವಾಕಿಟಾಕಿ ಮುಂತಾದವುಗಳ ಅಲೆ ನೆಟ್ಟಗೆ ನಿಂತಿರುತ್ತದೆ, ಮಲಗಿದ ಆಂಟೆನಾ ಅವನ್ನು ಬಹಳಮಟ್ಟಿಗೆ ತಳ್ಳಿಹಾಕುತ್ತದೆ. ಪಟ್ಟಣದಲ್ಲಿ ಇದು ದೊಡ್ಡ ಲಾಭ.

ಎತ್ತರದ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣ ಇದೆಯಲ್ವಾ, ಅದು ರೇಡಿಯೊ ಅಲೆಯನ್ನು ವಾಪಸ್ ಎಸೆಯುತ್ತದೆ. ಹಾಗೆ ಕೆಳಗಿನಿಂದ ಬಂದ ಅಲೆ ಮೇಲಿನಿಂದ ನೇರ ಬಂದದ್ದಕ್ಕೆ ಸೇರಿಕೊಳ್ಳುತ್ತದೆ, ಇಲ್ಲವೇ ಅದನ್ನು ಕೊಲ್ಲುತ್ತದೆ. ಆಂಟೆನಾ ತಾರಸಿಯಿಂದ ಸುಮಾರು 55 ಸೆಂ.ಮೀ. ಎತ್ತರದಲ್ಲಿದ್ದರೆ ನೆತ್ತಿಯ ಮೇಲಿನ ಸಿಗ್ನಲ್ ಚೆನ್ನಾಗಿ ಬರುತ್ತದೆ. 110 ಸೆಂ.ಮೀ.ಗೆ ಏರಿಸಿದರೆ ನೆತ್ತಿಯ ಸಿಗ್ನಲ್ ಕುಗ್ಗಿ, ಓರೆಯಾಗಿ ಹಾದುಹೋಗುವಾಗಿನದು ಚುರುಕಾಗುತ್ತದೆ. ಉಪಗ್ರಹ ಸರಿಯಾಗಿ ತಲೆ ಮೇಲೆ ಬಂದಾಗಲೇ ಚಿತ್ರದ ನಡುವೆ ಕಪ್ಪು ಪಟ್ಟಿ ಬಂದರೆ ಎತ್ತರ ತಗ್ಗಿಸಿ ನೋಡಿ. ಅದಕ್ಕೇ ಪೈಪನ್ನು ಮೊದಲೇ ಸಿಮೆಂಟ್ ಹಾಕಿ ನೆಡಬೇಡಿ. ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರ್, ಬಟ್ಟೆ ಒಣಗಿಸುವ ತಂತಿಯಿಂದ ಒಂದೆರಡು ಮೀಟರ್ ದೂರ ಇಡಿ. ಪ್ಯಾರಪೆಟ್‌ಗಿಂತ ತೀರಾ ಕೆಳಗೆ ಹೋದರೂ ಕಷ್ಟ. ದಿಗಂತದ ಹತ್ತಿರದ ಸಿಗ್ನಲ್ ಮರೆಯಾಗುತ್ತದೆ.

ಕರೆಂಟ್ ತಂತಿ ಹಾದುಹೋಗುವ ಬದಿಗೆ ಸರಳು ಹಿಡಿದುಕೊಂಡು ಹೋಗಲೇಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗುಡುಗು ಕೇಳಿಸಿದ ಕೂಡಲೇ ಡಾಂಗಲ್‌ನಿಂದ ಕೇಬಲ್ ಬಿಚ್ಚಿ, ಕೆಳಗೆ ಇಳಿಯಿರಿ. ಮೋಡದ ಚಿತ್ರ ಚೆನ್ನಾಗಿ ಬರುವ ಹೊತ್ತೂ ಅದೇ, ನಿಜ. ಆದರೂ ಇಳಿಯಿರಿ.

ಯಾವಾಗ ಬರುತ್ತದೆ?

ಆಂಡ್ರಾಯ್ಡ್ ಫೋನಿನಲ್ಲಿ ಲುಕ್4ಸ್ಯಾಟ್, ಕಂಪ್ಯೂಟರಿನಲ್ಲಿ ಜಿಪ್ರೆಡಿಕ್ಟ್. ಎರಡೂ ಉಚಿತ. ನಿಮ್ಮ ಊರಿನ ಅಕ್ಷಾಂಶ-ರೇಖಾಂಶ ಹಾಕಿ, ಎರಡೂ ಮೆಟಿಯೋರ್‌ಗಳನ್ನು ಆರಿಸಿ. ಉಪಗ್ರಹದ ದಾರಿಯ ಲೆಕ್ಕ ಟಿಎಲ್‌ಇ ಎಂಬ ಚಿಕ್ಕ ಕಡತದಲ್ಲಿರುತ್ತದೆ. ಅದು ಹಳೆಯದಾದಷ್ಟೂ ಲೆಕ್ಕ ತಪ್ಪುತ್ತದೆ. ವಾರಕ್ಕೊಮ್ಮೆಯಾದರೂ ಅಪ್‌ಡೇಟ್ ಮಾಡಿ.

ಪಟ್ಟಿಯಲ್ಲಿ ನೋಡಬೇಕಾದದ್ದು ಗರಿಷ್ಠ ಕೋನ. 90 ಡಿಗ್ರಿ ಎಂದರೆ ನೆತ್ತಿಯ ಮೇಲೆ. ಆರಂಭದಲ್ಲಿ 40ಕ್ಕಿಂತ ಮೇಲಿನದನ್ನು ಮಾತ್ರ ಹಿಡಿಯಿರಿ. ಉಪಗ್ರಹ ಆಕಾಶದಲ್ಲಿ ಒಮ್ಮೆ ಹಾದುಹೋಗುವುದನ್ನು ಒಂದು ಹಾದಿ ಎನ್ನೋಣ. ಚೆನ್ನಾಗಿರುವ ಒಂದು ಹಾದಿ, ಅದು ದಿಗಂತದಲ್ಲಿ ಉದಯಿಸಿ ಅಸ್ತವಾಗುವವರೆಗೆ, ಸುಮಾರು 15 ನಿಮಿಷ.

ಯುರೋಪಿನವರು ದಿನಕ್ಕೆ ರಾಶಿ ಚಿತ್ರ ಹಿಡಿಯುವುದನ್ನು ನೋಡಿ ನಮಗೇಕೆ ಅಷ್ಟು ಸಿಗುವುದಿಲ್ಲ ಎಂದು ಅನಿಸಬಹುದು. ಒಂದು ಸುತ್ತಿಗೆ ಸುಮಾರು 101 ನಿಮಿಷ. ಅಷ್ಟರಲ್ಲಿ ಭೂಮಿ 25 ಡಿಗ್ರಿ ತಿರುಗಿರುತ್ತದೆ. ಸಮಭಾಜಕದ ಬಳಿ ಅಷ್ಟು ಡಿಗ್ರಿ ಎಂದರೆ 2800 ಕಿ.ಮೀ. ಧ್ರುವದ ಕಡೆ ಹೋದಂತೆ ಈ ಅಂತರ ಕಿರಿದಾಗುತ್ತಾ ಹೋಗುತ್ತದೆ. ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪದಲ್ಲಿ ಕೂತವರಿಗೆ ಹೆಚ್ಚುಕಡಿಮೆ ಪ್ರತಿ ಸುತ್ತೂ ಕಾಣುತ್ತದೆ. ಕರ್ನಾಟಕದಲ್ಲಿ ಒಂದು ಉಪಗ್ರಹ ದಿನಕ್ಕೆ ಸುಮಾರು ನಾಲ್ಕು ಸಲ ದಿಗಂತದ ಮೇಲೆ ಬರುತ್ತದೆ. ಅದರಲ್ಲಿ ಅರ್ಧ ಹಗಲು, ಅರ್ಧ ರಾತ್ರಿ. ಹಗಲಿನ ಒಳ್ಳೆಯ ಹಾದಿ ಒಂದೇ ಇರಬಹುದು. ಅದನ್ನು ತಪ್ಪಿಸಿಕೊಳ್ಳಬೇಡಿ.

ಎರಡರಲ್ಲಿ ಎನ್2-4ನ್ನು ಮೊದಲು ಪ್ರಯತ್ನಿಸಿ. ಎನ್2-3ರ ಈ ಪ್ರಸಾರದ ಆಂಟೆನಾ ಬಾಹ್ಯಾಕಾಶದಲ್ಲಿ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಅದರ ಸಿಗ್ನಲ್ ಏಳುತ್ತಾ ಬೀಳುತ್ತಾ ಬರುತ್ತದೆ.

ಸಾಫ್ಟ್‌ವೇರ್

ಮುಂಚೆ ರೆಕಾರ್ಡ್ ಮಾಡಲು ಒಂದು, ಡಿಕೋಡ್ ಮಾಡಲು ಒಂದು, ಬಣ್ಣ ಹಚ್ಚಲು ಇನ್ನೊಂದು ತಂತ್ರಾಂಶ ಬೇಕಿತ್ತು. ಈಗ ಸ್ಯಾಟ್‌ಡಂಪ್ ಒಂದೇ ಸಾಕು. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಆಂಡ್ರಾಯ್ಡ್ ಫೋನಿಗೆ ಒಟಿಜಿ ಕೇಬಲ್‌ನಿಂದ ಡಾಂಗಲ್ ಚುಚ್ಚಿ ಅದರಲ್ಲೂ ನಡೆಸಬಹುದು.

ವಿಂಡೋಸ್‌ನಲ್ಲಿ ಡಾಂಗಲ್ ಚುಚ್ಚಿದಾಗ ಅದು ಟಿವಿ ಡ್ರೈವರ್ ಹಾಕಿಕೊಳ್ಳುತ್ತದೆ. ಅದನ್ನು ತೆಗೆಯಲು ಝಾಡಿಗ್ ಎಂಬ ಚಿಕ್ಕ ಪ್ರೋಗ್ರಾಂ ಇದೆ. ಆಪ್ಷನ್ಸ್‌ನಲ್ಲಿ 'ಲಿಸ್ಟ್ ಆಲ್ ಡಿವೈಸಸ್' ಒತ್ತಿ, 'ಬಲ್ಕ್-ಇನ್, ಇಂಟರ್‌ಫೇಸ್ 0' ಆರಿಸಿ, ವಿನ್‌ಯುಎಸ್‌ಬಿ ಡ್ರೈವರ್ ಹಾಕಿ. ಆರಿಸುವಾಗ ಕಣ್ಣಿಟ್ಟು ನೋಡಿ. ಪಟ್ಟಿಯಲ್ಲಿ ನಿಮ್ಮ ಮೌಸ್, ಕೀಬೋರ್ಡ್ ಕೂಡ ಇರುತ್ತವೆ, ಅವುಗಳ ಡ್ರೈವರ್ ಬದಲಿಸಿದರೆ ಅವು ಕೆಲಸ ಮಾಡುವುದಿಲ್ಲ. ಲಿನಕ್ಸ್‌ನಲ್ಲಾದರೆ ಟಿವಿ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಬೇಕು. ವಿ4 ಡಾಂಗಲ್‌ಗೆ ಹೊಸ ಡ್ರೈವರ್ ಬೇಕು, ಹಳೆಯದರಲ್ಲಿ ಸರಿಯಾಗಿ ಟ್ಯೂನ್ ಆಗುವುದಿಲ್ಲ.

ಉಪಗ್ರಹಕ್ಕೆ ಕಾಯುವ ಮುಂಚೆ ಒಂದು ಸುಲಭ ಪರೀಕ್ಷೆ ಮಾಡಿ. ನಿಮ್ಮೂರಿನ ಎಫ್‌ಎಂ ಕೇಂದ್ರದ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿ. ಪರದೆಯಲ್ಲಿ ದಪ್ಪ ಗುಡ್ಡ ಎದ್ದು ಕಂಡರೆ ಡಾಂಗಲ್, ಡ್ರೈವರ್, ಕೇಬಲ್ ಮೂರೂ ಸರಿ ಇವೆ.

ಹಿಡಿಯುವ ಹೊತ್ತು

ಹತ್ತು ನಿಮಿಷ ಮುಂಚೆಯೇ ತಾರಸಿಯಲ್ಲಿರಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಚಾರ್ಜರ್ ಸಣ್ಣ ರೇಡಿಯೊ ಕೇಂದ್ರದಷ್ಟೇ ಗಲಾಟೆ ಮಾಡುತ್ತದೆ. ಗಡಿಯಾರ ಇಂಟರ್ನೆಟ್ ಸಮಯಕ್ಕೆ ಸರಿಹೊಂದಿದೆಯೇ ನೋಡಿ. ಚಿತ್ರದ ಮೇಲೆ ಆಮೇಲೆ ಗಡಿರೇಖೆ ಹಾಕುವಾಗ ಸಮಯ ತಪ್ಪಿದ್ದರೆ ಮಂಗಳೂರು ಸಮುದ್ರಕ್ಕೆ ಹೋಗಿ ಕೂರುತ್ತದೆ.

1. ಸ್ಯಾಟ್‌ಡಂಪ್‌ನ ರೆಕಾರ್ಡರ್ ಪುಟದಲ್ಲಿ ಆರ್‌ಟಿಎಲ್‌-ಎಸ್‌ಡಿಆರ್ ಆರಿಸಿ. ಸ್ಯಾಂಪಲ್ ರೇಟ್ 1.024 ಮೆಗಾ.
2. ಫ್ರೀಕ್ವೆನ್ಸಿ 137.9 ಮೆಗಾಹರ್ಟ್ಸ್. ಅಲ್ಲಿ ಏನೂ ಕಾಣದಿದ್ದರೆ 137.1. ಇವೆರಡರ ನಡುವೆ ಬದಲಾಯಿಸುವುದು ಉಪಗ್ರಹ ನಡೆಸುವವರ ಕೈಯಲ್ಲಿದೆ.
3. ಗೇನ್ ಎಂದರೆ ಡಾಂಗಲ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಎಂಬುದು. ಆಟೊ ಗೇನ್ ಬೇಡ. ಕೈಯಲ್ಲೇ 30ರಿಂದ 40 ಡೆಸಿಬೆಲ್ ನಡುವೆ ಇಡಿ.
4. ಸ್ಟಾರ್ಟ್ ಒತ್ತಿ. ವಾಟರ್‌ಫಾಲ್, ಅಂದರೆ ಸಿಗ್ನಲ್‌ನ ಏರಿಳಿತವನ್ನು ಬಣ್ಣದಲ್ಲಿ ತೋರಿಸುವ ಚಿತ್ರ, ಹರಿಯಲು ಶುರುವಾಗುತ್ತದೆ.
5. ಪ್ರೊಸೆಸಿಂಗ್‌ನಲ್ಲಿ 'ಮೆಟಿಯೋರ್ ಎಂ2-ಎಕ್ಸ್ ಎಲ್‌ಆರ್‌ಪಿಟಿ 72ಕೆ' ಆರಿಸಿ, ಫೋಲ್ಡರ್ ಕೊಟ್ಟು ಶುರು ಮಾಡಿ.

ಉಪಗ್ರಹ ದಿಗಂತದ ಮೇಲೆ ಬಂದಾಗ 100 ಕಿಲೊಹರ್ಟ್ಸ್‌ಗೂ ಅಗಲವಾದ, ಮೇಲೆ ಚಪ್ಪಟೆಯಾದ ಗುಡ್ಡವೊಂದು ನಿಧಾನವಾಗಿ ಏಳುತ್ತದೆ. ಹತ್ತಿರ ಬರುವಾಗ ಸ್ವಲ್ಪ ಬಲಕ್ಕಿದ್ದದ್ದು ದೂರ ಹೋಗುವಾಗ ಎಡಕ್ಕೆ ಸರಿಯುತ್ತದೆ. ಅದು ಡಾಪ್ಲರ್ ಪರಿಣಾಮ. ಈ ಫ್ರೀಕ್ವೆನ್ಸಿಯಲ್ಲಿ ಎರಡೂ ಬದಿಗೆ 3 ಕಿಲೊಹರ್ಟ್ಸ್ ಆಸುಪಾಸು ಅಷ್ಟೇ. ಸ್ಯಾಟ್‌ಡಂಪ್ ತಾನೇ ಹಿಂಬಾಲಿಸುತ್ತದೆ, ನೀವು ಟ್ಯೂನ್ ಮುಟ್ಟಬೇಡಿ.

ಕಣ್ಣು ಇಡಬೇಕಾದದ್ದು ಎರಡು ಕಡೆ. ವೈಟರ್ಬಿ ಎಂದು ಬರೆದ ಕಡೆ ದೋಷದ ಪ್ರಮಾಣ ಇಳಿಯುತ್ತಾ ಬರಬೇಕು. ಡಿಫ್ರೇಮರ್ ಎಂದಿರುವ ಕಡೆ 'ಸಿಂಕ್ಡ್' ಎಂದು ಹಸಿರಾಗಬೇಕು. ಹಸಿರು ಬಂದಷ್ಟು ಹೊತ್ತು ಚಿತ್ರದ ಗೆರೆಗಳು ಸೇರುತ್ತಿವೆ ಎಂದರ್ಥ. ಈ ಹೊತ್ತಿನಲ್ಲಿ ಆಂಟೆನಾ ಹತ್ತಿರ ಓಡಾಡಬೇಡಿ, ನಿಮ್ಮ ದೇಹವೂ ಸಿಗ್ನಲ್ ಕೆಡಿಸುತ್ತದೆ.

ಸಿಗ್ನಲ್ ಮುಗಿದ ಮೇಲೆ ಸ್ಟಾಪ್ ಕೊಡಿ. ಸ್ವಲ್ಪ ಹೊತ್ತಿಗೆ ಫೋಲ್ಡರಿನಲ್ಲಿ ಚಿತ್ರಗಳು ಬಂದು ಕೂರುತ್ತವೆ. ಮೊದಲ ಕೆಲವು ಸಲ ಬೇಸ್‌ಬ್ಯಾಂಡ್, ಅಂದರೆ ಡಿಕೋಡ್ ಆಗದ ಕಚ್ಚಾ ಸಿಗ್ನಲ್ ಕೂಡ ರೆಕಾರ್ಡ್ ಮಾಡಿಕೊಳ್ಳುವುದು ಜಾಣತನ. ಡಿಕೋಡ್ ಕೈಕೊಟ್ಟರೆ ಮನೆಯಲ್ಲಿ ಕೂತು 72ಕೆ ಬದಲು 80ಕೆ ಹಾಕಿ ಮತ್ತೆ ನೋಡಬಹುದು. 8 ಬಿಟ್‌ನಲ್ಲಿ ಉಳಿಸಿದರೆ 15 ನಿಮಿಷಕ್ಕೆ ಸುಮಾರು 1.8 ಜಿಬಿ ಜಾಗ ಹಿಡಿಯುತ್ತದೆ.

ಚಿತ್ರ ನೋಡುವುದು

ಚಿತ್ರ ತಲೆಕೆಳಗಾಗಿದ್ದರೆ ಗಾಬರಿ ಬೇಡ. ಉಪಗ್ರಹ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಮೊದಲ ಗೆರೆ ದಕ್ಷಿಣದ್ದು, ಅದಕ್ಕೇ ಹಾಗೆ. 180 ಡಿಗ್ರಿ ತಿರುಗಿಸುವ ಗುಂಡಿ ಇದೆ.

ಮೆಟಿಯೋರ್‌ನ ಕ್ಯಾಮೆರಾಗೆ ಆರು ಚಾನೆಲ್. ಎಲ್‌ಆರ್‌ಪಿಟಿಯಲ್ಲಿ ಒಮ್ಮೆಗೆ ಮೂರು ಮಾತ್ರ ಬರುತ್ತವೆ. 1 ಕಣ್ಣಿಗೆ ಕಾಣುವ ಬೆಳಕು. 2 ಅದರ ಪಕ್ಕದ ಅವಗೆಂಪು, ಹಸಿರು ಗಿಡಗಳು ಇದರಲ್ಲಿ ಬೆಳ್ಳಗೆ ಹೊಳೆಯುತ್ತವೆ, ನೀರು ಕಡು ಕಪ್ಪು. 3 ಇನ್ನೂ ಉದ್ದದ ತರಂಗ, ಇದನ್ನು ಮಂಜುಗಡ್ಡೆ ಹೀರಿಕೊಳ್ಳುತ್ತದೆ. 4, 5, 6 ಶಾಖದ ಕಡೆಯವು. ಬಂದ ಮೂರರಲ್ಲಿ ಶಾಖದ ಚಾನೆಲ್ ಒಂದೂ ಇಲ್ಲದಿದ್ದರೆ ರಾತ್ರಿಯ ಚಿತ್ರ ಪೂರ್ತಿ ಕಪ್ಪಾಗಿರುತ್ತದೆ. ಆಗ ತಪ್ಪು ನಿಮ್ಮದಲ್ಲ.

221 ಎಂಬ ಸಂಯೋಜನೆಯಲ್ಲಿ (ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಕ್ರಮವಾಗಿ 2, 2, 1ನೇ ಚಾನೆಲ್) ನೆಲ ಹಳದಿ ಮಿಶ್ರಿತ, ಕಡಲು ನೀಲಿ, ಮೋಡ ಬಿಳಿ. ನನಗೆ ಇಷ್ಟ 321. ಇದರಲ್ಲಿ ಕಾಡು ಹಸಿರಾಗಿ ಕಾಣುತ್ತದೆ, ಪಶ್ಚಿಮ ಘಟ್ಟದ ಪಟ್ಟಿ ಬಯಲುಸೀಮೆಯಿಂದ ಬೇರೆಯಾಗಿ ಎದ್ದು ನಿಲ್ಲುತ್ತದೆ. ಇನ್ನೊಂದು ಚೆಂದ ಮೋಡಗಳಲ್ಲಿದೆ. ನೀರಹನಿಯ ತಗ್ಗಿನ ಮೋಡ ಬೆಳ್ಳಗಿರುತ್ತದೆ. ಗುಡುಗು ಮೋಡದ ನೆತ್ತಿಯಲ್ಲಿ ಹಿಮದ ಹರಳು ಇರುವುದರಿಂದ ಮೂರನೇ ಚಾನೆಲ್ ಅಲ್ಲಿ ಕುಂದುತ್ತದೆ, ಮೋಡ ತಿಳಿ ನೀಲಿ-ಹಸಿರಾಗುತ್ತದೆ. ಯಾವ ಮೋಡ ಸುಮ್ನೆ ತೇಲುತ್ತಿದೆ, ಯಾವುದು ಆಕಾಶಕ್ಕೆ ಏರಿದೆ ಎಂದು ಬಣ್ಣದಲ್ಲೇ ಹೇಳಬಹುದು. ಕಡಲಿನ ನಡುವೆ ಮಬ್ಬು ಬೆಳಕಿನ ದೊಡ್ಡ ಮಚ್ಚೆ ಕಂಡರೆ ಅದು ಮೋಡವಲ್ಲ, ನೀರಿನಿಂದ ಚಿಮ್ಮಿದ ಸೂರ್ಯನ ಹೊಳಪು.

ಜೂನ್‌ನಿಂದ ಸೆಪ್ಟೆಂಬರ್ ತನಕ ಕರ್ನಾಟಕ ಹೆಚ್ಚಾಗಿ ಮೋಡದ ಅಡಿಯಲ್ಲೇ ಇರುತ್ತದೆ. ನೆಲ ನೋಡಬೇಕೆಂದರೆ ಜನವರಿ, ಫೆಬ್ರುವರಿ. ಹವಾಮಾನ ನೋಡಬೇಕೆಂದರೆ ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿತು. ಅಂಥದ್ದು ಮತ್ತೆ ಬಂದರೆ, ಮೆಟಿಯೋರ್‌ನ 2800 ಕಿ.ಮೀ. ಅಗಲದ ಚಿತ್ರದಲ್ಲಿ ಪೂರ್ತಿ ಸುಳಿ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. ಆದರೆ ಅದು ಎತ್ತ ಸಾಗುತ್ತದೆ ಎಂದು ನಿಮ್ಮ ಚಿತ್ರ ನೋಡಿ ತೀರ್ಮಾನಿಸಬೇಡಿ. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯೇ ಸರಿ.

ಚಿತ್ರ ಬರಲಿಲ್ಲವೇ?

ಗುಡ್ಡವೇ ಕಾಣಲಿಲ್ಲ ಎಂದರೆ ಟಿಎಲ್‌ಇ, ಗಡಿಯಾರ, ಫ್ರೀಕ್ವೆನ್ಸಿ ಮೂರನ್ನೂ ನೋಡಿ, ಆಮೇಲೆ ಕನೆಕ್ಟರ್. ಗುಡ್ಡ ಕಂಡೂ ಸಿಂಕ್ ಆಗದಿದ್ದರೆ ಪ್ರೊಸೆಸಿಂಗ್‌ನಲ್ಲಿ ಆರಿಸಿದ ವಿಧಾನ ತಪ್ಪಿರಬಹುದು, 72ಕೆ ಬದಲು 80ಕೆ ಹಾಕಿ ನೋಡಿ. ಸಿಂಕ್ ಬಂದು ಬಂದು ಹೋಗುತ್ತಿದ್ದರೆ ಗದ್ದಲದ ಸಮಸ್ಯೆ. ಎಲ್‌ಇಡಿ ಬಲ್ಬು, ಯುಪಿಎಸ್, ಸೆಟ್‌ಟಾಪ್ ಬಾಕ್ಸ್ ಒಂದೊಂದಾಗಿ ಆಫ್ ಮಾಡಿ, ವಾಟರ್‌ಫಾಲ್ ಕಪ್ಪಾಗುತ್ತದೆಯೇ ನೋಡಿ.

ಗೇನ್ ಏರಿಸಿದರೆ ಸಿಗ್ನಲ್‌ಗಿಂತ ಗದ್ದಲವೇ ಜಾಸ್ತಿ ಏರುತ್ತಿದೆಯಾ? ಇಲ್ಲದ ಕಡೆಯೆಲ್ಲ ಎಫ್‌ಎಂ ಹಾಡು ಕೇಳುತ್ತಿದೆಯಾ? ಹತ್ತಿರದ ಎಫ್‌ಎಂ ಗೋಪುರ ಡಾಂಗಲನ್ನು ಉಸಿರುಗಟ್ಟಿಸುತ್ತಿದೆ. ಆಗ ಬೇಕಾಗುವುದು 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್. ಎಲ್‌ಎನ್‌ಎ ಹಾಕುವುದಾದರೆ ಆಂಟೆನಾ ಬುಡದಲ್ಲೇ ಹಾಕಿ, ಡಾಂಗಲ್ ಪಕ್ಕದಲ್ಲಿ ಹಾಕಿದರೆ ಕೇಬಲ್‌ನಲ್ಲಿ ಸೋರಿದ್ದನ್ನು ಅದು ವಾಪಸ್ ತರಲಾರದು. ಫಿಲ್ಟರ್ ಇಲ್ಲದೆ ಎಲ್‌ಎನ್‌ಎ ಹಾಕಿದರೆ ಪಟ್ಟಣದಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ.

ಇದಾದ ಮೇಲೆ

ಇದೇ ಆಂಟೆನಾದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರಗಳನ್ನೂ ಹಿಡಿಯಬಹುದು. ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಎಸ್‌ಎಸ್‌ಟಿವಿ ಚಿತ್ರ (ಸದ್ದಿನ ರೂಪದಲ್ಲಿ ನಿಧಾನವಾಗಿ ಬರುವ ಸ್ಥಿರಚಿತ್ರ) ಕಳಿಸುತ್ತಾರೆ, ದಿನಾಂಕ ಮೊದಲೇ ತಿಳಿಸುತ್ತಾರೆ.

ನಮ್ಮ ದೇಶದ ಇನ್‌ಸ್ಯಾಟ್ ಉಪಗ್ರಹದ ಚಿತ್ರ ಹಿಡಿಯಬಹುದಾ ಎಂಬ ಪ್ರಶ್ನೆ ಕನ್ನಡಿಗರಿಂದ ಬಂದೇ ಬರುತ್ತದೆ, ಅದನ್ನು ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಹಾಸನದಲ್ಲೇ ಇದೆಯಲ್ಲ. ಈ ಸಾಮಾನಿನಿಂದ ಆಗುವುದಿಲ್ಲ. ಇನ್‌ಸ್ಯಾಟ್-3ಡಿ ಸರಣಿಯ ಚಿತ್ರಗಳು ಇಳಿಯುವ ಫ್ರೀಕ್ವೆನ್ಸಿ 4 ಗಿಗಾಹರ್ಟ್ಸ್‌ಗಿಂತ ಮೇಲೆ, ಡಾಂಗಲ್‌ನ ಮಿತಿಯಿಂದ ಬಹಳ ಆಚೆ.

ಪೂರ್ತಿ ಭೂಗೋಳವೇ ಒಂದು ಚಿತ್ರದಲ್ಲಿ ಬೇಕೆಂದರೆ ಕೊರಿಯಾದ ಜಿಕೆ-2ಎ ಇದೆ. 128.2 ಡಿಗ್ರಿ ಪೂರ್ವದಲ್ಲಿ ನಿಂತಿರುವ ಭೂಸ್ಥಿರ ಉಪಗ್ರಹ, 1692.14 ಮೆಗಾಹರ್ಟ್ಸ್. ಪ್ರತಿ 10 ನಿಮಿಷಕ್ಕೆ ಒಂದು ಚಿತ್ರ ಕಳಿಸುತ್ತದೆ, ಭಾರತ ಅದರ ಎಡ ಅಂಚಿನಲ್ಲಿ ಬಾಗಿ ಕಾಣುತ್ತದೆ. ಡಾಂಗಲ್ ಇದೇ ಸಾಕು. ಜೊತೆಗೆ ಒಂದು ಮೀಟರ್ ಆಸುಪಾಸಿನ ಡಿಶ್ ಅಥವಾ ವೈಫೈ ಗ್ರಿಡ್ ಆಂಟೆನಾ, ಮತ್ತು ಈ ಪಟ್ಟಿಗೆಂದೇ ಮಾಡಿದ ಫಿಲ್ಟರ್ ಇರುವ ಎಲ್‌ಎನ್‌ಎ ಬೇಕು. ಬೆಂಗಳೂರಿನಿಂದ ಅದು ಪೂರ್ವಕ್ಕಿಂತ ಹತ್ತು ಡಿಗ್ರಿ ದಕ್ಷಿಣಕ್ಕೆ, ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದೆ. ಡಿಶ್ ಕೊಳ್ಳುವ ಮುಂಚೆ ಆ ದಿಕ್ಕಿಗೆ ಪಕ್ಕದ ಮನೆಯ ಮೂರನೇ ಮಹಡಿ ಅಡ್ಡ ಬರುತ್ತದೆಯೇ ಎಂದು ಒಮ್ಮೆ ನಿಂತು ನೋಡಿಕೊಳ್ಳಿ.